ಪ್ರಮಾಣವಚನ ಕೇಳದ ವೇದಿಕೆ

19ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಆಡಂ ಗಿಫರ್ಡ್ ಎಂಬ ನ್ಯಾಯಾಧೀಶರಿದ್ದರು. ವಕೀಲಿಕೆಯಲ್ಲಿ ಹೆಸರು ಮಾಡಿ, ನಾಡಿನ ಅತ್ಯುನ್ನತ ಸಿವಿಲ್ ನ್ಯಾಯಾಲಯಕ್ಕೆ ಏರಿದವರು. ತತ್ವಶಾಸ್ತ್ರವೆಂದರೆ ಅವರಿಗೆ ಪ್ರಾಣ. ಕರೆದಲ್ಲಿಗೆ ಹೋಗಿ ಉಪನ್ಯಾಸ ಕೊಡುತ್ತಿದ್ದರು. ಅವರು ಆರಿಸಿಕೊಂಡ ವಿಷಯಗಳಲ್ಲಿ ಅಮೆರಿಕದ ಚಿಂತಕ ಎಮರ್ಸನ್ ಇದ್ದಾರೆ, ಮಧ್ಯಯುಗದ ಕ್ರೈಸ್ತ ಸಂತ ಬರ್ನಾರ್ಡ್ ಇದ್ದಾರೆ, ವಿಷ್ಣುವಿನ ದಶಾವತಾರವೂ ಇದೆ. ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಚರ್ಚಿನ ಮಾತೇ ಮಾತಾಗಿದ್ದ ನಾಡಿನಲ್ಲಿ ಒಬ್ಬ ನ್ಯಾಯಾಧೀಶರು ಸಭೆಯ ಮುಂದೆ ನಿಂತು ಮತ್ಸ್ಯ, ಕೂರ್ಮ, ವರಾಹಗಳ ಬಗ್ಗೆ ಗಂಭೀರವಾಗಿ ಮಾತಾಡಿದರು.

ಗಿಫರ್ಡ್ 1887ರಲ್ಲಿ ತೀರಿಕೊಂಡರು. ಎರಡು ವರ್ಷ ಮೊದಲೇ ಬರೆದಿಟ್ಟಿದ್ದ ಉಯಿಲಿನಲ್ಲಿ ಎಡಿನ್‌ಬರೋ, ಗ್ಲಾಸ್ಗೋ, ಅಬರ್ಡೀನ್, ಸೇಂಟ್ ಆಂಡ್ರೂಸ್ ಎಂಬ ನಾಲ್ಕು ವಿಶ್ವವಿದ್ಯಾಲಯಗಳಿಗೆ ಒಟ್ಟು 80,000 ಪೌಂಡ್ ದತ್ತಿ ಇಟ್ಟಿದ್ದರು. ದೇವರ ಸ್ವರೂಪ, ಮನುಷ್ಯನಿಗೂ ಜಗತ್ತಿಗೂ ದೇವರೊಂದಿಗಿರುವ ಸಂಬಂಧ, ನೀತಿಯ ತಳಹದಿ ಇವುಗಳ ಮೇಲೆ ಸಾರ್ವಜನಿಕ ಉಪನ್ಯಾಸಗಳು ನಡೆಯಬೇಕೆಂಬುದು ಅವರ ಆಸೆ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಆದರೂ ಇಂದು ಓದುವವರ ಗಮನ ನಿಲ್ಲುವುದು ಹಣದ ಮೇಲಲ್ಲ, ಅವರು ಹಾಕಿದ ಷರತ್ತುಗಳ ಮೇಲೆ. ಉಪನ್ಯಾಸಕನಿಂದ ಯಾವ ಪ್ರಮಾಣವಚನವನ್ನೂ ತೆಗೆದುಕೊಳ್ಳಕೂಡದು. ಅವನು ಯಾವ ಪಂಥದವನಾದರೂ ಆಗಬಹುದು, ಯಾವ ಪಂಥಕ್ಕೂ ಸೇರದವನೂ ಆಗಬಹುದು. ಸಂದೇಹವಾದಿ, ಅಜ್ಞೇಯವಾದಿ ಎಂದು ಜನ ಹೆಸರಿಟ್ಟವನಾದರೂ ಅಡ್ಡಿಯಿಲ್ಲ. ಸತ್ಯವನ್ನು ಗೌರವದಿಂದ, ಪ್ರಾಮಾಣಿಕವಾಗಿ ಹುಡುಕುವವನಾಗಿದ್ದರೆ ಸಾಕು. ಒಬ್ಬನೇ ಬೇರೂರದಂತೆ ಎರಡೆರಡು ವರ್ಷಕ್ಕೆ ನೇಮಕ; ಒಂದು ವಿಶ್ವವಿದ್ಯಾಲಯದಲ್ಲಿ ಹೆಚ್ಚೆಂದರೆ ಆರು ವರ್ಷ. ಸಭೆ ವಿದ್ಯಾರ್ಥಿಗಳಿಗಷ್ಟೇ ಮೀಸಲಾಗದೆ ಊರಿನವರಿಗೆಲ್ಲ ತೆರೆದಿರಬೇಕು. ಭಾಷಣಗಳು ಅಗ್ಗದ ಬೆಲೆಯ ಪುಸ್ತಕಗಳಾಗಿ ಜನರಿಗೆ ಸಿಗಬೇಕು.

ಈ ಷರತ್ತುಗಳ ಬೆಲೆ ಗೊತ್ತಾಗಬೇಕಾದರೆ ಅದಕ್ಕೂ ಹಿಂದಿನ ಎರಡು ದತ್ತಿಗಳನ್ನು ನೋಡಬೇಕು. 18ನೇ ಶತಮಾನದ ನಡುವೆ ಅಮೆರಿಕದ ಹಾರ್ವರ್ಡಿಗೆ ಪಾಲ್ ಡಡ್ಲಿ ಎಂಬ ನ್ಯಾಯಾಧೀಶರು ಇಟ್ಟ ದತ್ತಿಯಲ್ಲಿ, ಸರದಿಯ ಮೇಲೆ ಬರುವ ವಿಷಯಗಳಲ್ಲೊಂದು ರೋಮನ್ ಕ್ಯಾಥೊಲಿಕ್ ಚರ್ಚಿನ ತಪ್ಪುಗಳನ್ನು ಬಯಲಿಗೆಳೆಯುವುದೇ ಆಗಿತ್ತು. ಆಕ್ಸ್‌ಫರ್ಡಿನ ಬೋಡನ್ ಸಂಸ್ಕೃತ ಪೀಠವನ್ನು ನಮ್ಮಲ್ಲಿ ಬಹಳ ಜನ ಬಲ್ಲರು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಜೋಸೆಫ್ ಬೋಡನ್ ಅದಕ್ಕೆ ಆಸ್ತಿ ಬಿಟ್ಟದ್ದು, ಇಂಗ್ಲಿಷರು ಸಂಸ್ಕೃತ ಕಲಿತು ಭಾರತೀಯರನ್ನು ಕ್ರೈಸ್ತ ಮತಕ್ಕೆ ತರಲು ನೆರವಾಗಲಿ ಎಂದು. 1860ರಲ್ಲಿ ಆ ಪೀಠಕ್ಕೆ ಚುನಾವಣೆ ನಡೆದಾಗ ಋಗ್ವೇದವನ್ನು ಸಂಪಾದಿಸುತ್ತಿದ್ದ ಮ್ಯಾಕ್ಸ್ ಮುಲ್ಲರ್ 610 ಮತ ಪಡೆದು, 833 ಮತ ಪಡೆದ ಮೊನಿಯರ್ ವಿಲಿಯಮ್ಸ್ ಎದುರು ಸೋತರು. ಮುಲ್ಲರ್ ಜರ್ಮನಿಯವರೆಂಬುದು ಒಂದು ಕಾರಣ, ಅವರ ಧಾರ್ಮಿಕ ನಿಲುವು ಸಡಿಲವೆಂಬ ಗುಮಾನಿ ಇನ್ನೊಂದು ಕಾರಣ. ದತ್ತಿ ಇಟ್ಟವರ ಉದ್ದೇಶವೇ ಉತ್ತರವನ್ನೂ ಬರೆದಿಟ್ಟಿದ್ದರೆ ವಿದ್ವಾಂಸನಿಗೆ ಉಳಿಯುವ ಕೆಲಸ ಅದನ್ನು ಸಮರ್ಥಿಸುವುದಷ್ಟೆ.

ಅದೇ ಮುಲ್ಲರ್ ಅವರನ್ನು ಗ್ಲಾಸ್ಗೋ ವಿಶ್ವವಿದ್ಯಾಲಯ 1888ರಲ್ಲಿ ತನ್ನ ಮೊದಲ ಗಿಫರ್ಡ್ ಉಪನ್ಯಾಸಕರನ್ನಾಗಿ ಕರೆಯಿತು. ಉಪನ್ಯಾಸಗಳು ನಾಲ್ಕು ವರ್ಷ ನಡೆದವು. ವೇದ, ಅವೆಸ್ತಾ, ಗ್ರೀಕ್ ಚಿಂತನೆ, ಕ್ರೈಸ್ತ ಅನುಭಾವ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಅವರು ಮಾತಾಡಿದರು. ಚರ್ಚಿನವರಿಗೆ ಇದನ್ನು ಸಹಿಸುವುದು ಕಷ್ಟವಾಯಿತು. 1891ರಲ್ಲಿ ಗ್ಲಾಸ್ಗೋದ ಪಾದ್ರಿಗಳ ಸಭೆಯಲ್ಲಿ, ಈ ಉಪನ್ಯಾಸಗಳು ಕ್ರೈಸ್ತ ನಂಬಿಕೆಯ ಬುಡವನ್ನೇ ಅಲ್ಲಾಡಿಸುತ್ತವೆಂಬ ದೂರು ಬಂತು. ಕ್ಯಾಥೊಲಿಕ್ ಪಾದ್ರಿಯೊಬ್ಬರೂ ಬಹಿರಂಗವಾಗಿ ಕಿಡಿಕಾರಿದರು. ಆದರೆ ದೂರಿಗೆ ಮನ್ನಣೆ ಸಿಗಲಿಲ್ಲ. ವಿಶ್ವವಿದ್ಯಾಲಯ ಉಪನ್ಯಾಸ ನಿಲ್ಲಿಸಲಿಲ್ಲ. ಮುಲ್ಲರ್ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪುಸ್ತಕಗಳು ಒಂದಾದ ಮೇಲೊಂದು ಅಚ್ಚಾದವು. ಹತ್ತೇ ವರ್ಷ ಹಿಂದೆ, 1881ರಲ್ಲಿ, ಬೈಬಲ್ಲಿನ ರಚನೆಯ ಬಗ್ಗೆ ವಿಶ್ವಕೋಶಕ್ಕೆ ಬರೆದ ಲೇಖನದಿಂದ ಶುರುವಾದ ವಿವಾದದಲ್ಲಿ ರಾಬರ್ಟ್‌ಸನ್ ಸ್ಮಿತ್ ಎಂಬ ಮಹಾ ವಿದ್ವಾಂಸ ಅಬರ್ಡೀನಿನ ಚರ್ಚ್ ಕಾಲೇಜಿನ ಕೆಲಸ ಕಳೆದುಕೊಂಡಿದ್ದರು. ಮುಲ್ಲರ್ ಅವರಿಗೆ ರಕ್ಷಣೆ ಸಿಕ್ಕಿದ್ದು ಉಯಿಲಿನ ಒಂದು ವಾಕ್ಯದಿಂದ. ಉಪನ್ಯಾಸಕನ ನಂಬಿಕೆಯನ್ನು ಪರೀಕ್ಷಿಸುವ ಅಧಿಕಾರ ಯಾರಿಗೂ ಇರಲಿಲ್ಲ.

ಇಂಥ ವೇದಿಕೆ ಏನನ್ನು ಸಾಧ್ಯವಾಗಿಸಿತು ಎಂಬುದಕ್ಕೆ ವಿಲಿಯಂ ಜೇಮ್ಸ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹಾರ್ವರ್ಡಿನ ಈ ಮನಶ್ಶಾಸ್ತ್ರಜ್ಞ 1901 ಮತ್ತು 1902ರಲ್ಲಿ ಎಡಿನ್‌ಬರೋದಲ್ಲಿ 20 ಉಪನ್ಯಾಸ ಕೊಟ್ಟರು. ಎದೆನೋವಿನಿಂದ ಬಳಲುತ್ತಿದ್ದರು. ಅದೇ ಕಾರಣಕ್ಕೆ ಕಾರ್ಯಕ್ರಮ ಮುಂದಕ್ಕೂ ಹೋಗಿತ್ತು. ಧರ್ಮದ ಬಗ್ಗೆ ಮಾತಾಡಬೇಕಾದವರು ಚರ್ಚನ್ನೂ ಸಿದ್ಧಾಂತವನ್ನೂ ಬದಿಗಿಟ್ಟು, ಒಂಟಿ ಮನುಷ್ಯರು ತಮಗಾದ ಅನುಭವದ ಬಗ್ಗೆ ಹೇಳಿಕೊಂಡ ಮಾತುಗಳನ್ನು ಎತ್ತಿಕೊಂಡರು. ಟಾಲ್‌ಸ್ಟಾಯ್ ಅವರ ಹತಾಶೆ, ಇಸ್ಲಾಮಿನ ಚಿಂತಕ ಅಲ್ ಗಜಾಲಿಯ ಆತ್ಮಕಥೆ, ವಿವೇಕಾನಂದರ ರಾಜಯೋಗ, ಹೆಸರೇ ಗೊತ್ತಿಲ್ಲದ ಸಾಮಾನ್ಯರ ಪತ್ರ, ಎಲ್ಲಕ್ಕೂ ಅಲ್ಲಿ ಒಂದೇ ಮಣೆ. ಒಂದು ಉಪನ್ಯಾಸದಲ್ಲಿ ಅವರು ಫ್ರೆಂಚ್ ವ್ಯಕ್ತಿಯೊಬ್ಬನ ಪತ್ರವೆಂದು ಒಂದು ಭಾಗ ಓದಿದರು. ಮುಸ್ಸಂಜೆಯ ಹೊತ್ತು ಕತ್ತಲು ಕೋಣೆಗೆ ಹೋದಾಗ, ಹಿಂದೆಂದೋ ಆಸ್ಪತ್ರೆಯಲ್ಲಿ ಕಂಡಿದ್ದ ಒಬ್ಬ ರೋಗಿಯ ರೂಪ ತಟ್ಟನೆ ಮನಸ್ಸಿಗೆ ಬಂದು, ನಾಳೆ ತಾನೂ ಹಾಗಾಗಬಹುದೆಂಬ ಭಯ ಮೈಯನ್ನೆಲ್ಲ ಹಿಂಡಿದ ಅನುಭವ ಅದು. ಆ ಪತ್ರ ಬರೆದ ಫ್ರೆಂಚ್ ವ್ಯಕ್ತಿ ಯಾರೂ ಇರಲಿಲ್ಲ, ಅದು ಜೇಮ್ಸ್ ಅವರದೇ ಅನುಭವ ಎಂಬುದು ಆಮೇಲೆ ತಿಳಿಯಿತು. ವಿದ್ವಾಂಸ ಧರ್ಮವನ್ನು ಹೊರಗೆ ನಿಂತು ನೋಡುವವನು, ಭಕ್ತ ಒಳಗಿದ್ದು ಬದುಕುವವನು ಎಂದು ನಾವು ಸಲೀಸಾಗಿ ಗೆರೆ ಎಳೆಯುತ್ತೇವೆ. ಎಡಿನ್‌ಬರೋದ ಆ ಸಭೆಯಲ್ಲಿ ಆ ಗೆರೆ ಎಲ್ಲಿತ್ತು?

ಕಾರ್ಲ್ ಬಾರ್ತ್ ಅವರದು ಇನ್ನೂ ವಿಚಿತ್ರ ಪ್ರಸಂಗ. ಮನುಷ್ಯನ ಬುದ್ಧಿ ತನ್ನ ಬಲದಿಂದಲೇ ದೇವರನ್ನು ಅರಿಯಬಲ್ಲದು ಎಂಬ ವಿಚಾರವನ್ನು ಬೆಳೆಸುವುದೇ ಗಿಫರ್ಡ್ ದತ್ತಿಯ ಗುರಿ. ಬಾರ್ತ್ ಆ ವಿಚಾರದ ಕಡುವಿರೋಧಿ. ದೇವರು ತಾನಾಗಿ ತೋರಿಸಿಕೊಂಡಷ್ಟೇ ಮನುಷ್ಯನಿಗೆ ಗೊತ್ತು, ಉಳಿದದ್ದು ಮನುಷ್ಯನ ಕಲ್ಪನೆ ಎಂದವರು. ಆದರೂ ಅಬರ್ಡೀನ್ ಅವರನ್ನು ಕರೆಯಿತು. 1937-38ರಲ್ಲಿ ಅವರು ಬಂದು, ದತ್ತಿಯ ಮೂಲ ವಿಚಾರಕ್ಕೇ ತಾನು ವಿರೋಧಿ ಎಂದು ಮೊದಲೇ ಸಾರಿ, 1560ರ ಸ್ಕಾಟ್ ಸುಧಾರಕರ ಶ್ರದ್ಧಾ ಘೋಷಣೆಯ ಮೇಲೆ ಮಾತಾಡಿದರು. ಎರಡು ವರ್ಷ ಹಿಂದಷ್ಟೇ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಬಾರ್ತ್ ತಮ್ಮ ಹುದ್ದೆ ಕಳೆದುಕೊಂಡಿದ್ದರು. ಹಿಟ್ಲರನಿಗೆ ಬೇಷರತ್ ನಿಷ್ಠೆಯ ಪ್ರಮಾಣ ಮಾಡಲು ಅವರು ಒಪ್ಪಿರಲಿಲ್ಲ. ಒಂದು ವಿಶ್ವವಿದ್ಯಾಲಯ ಪ್ರಮಾಣ ಮಾಡದ್ದಕ್ಕೆ ಹೊರಹಾಕಿತು, ಇನ್ನೊಂದು ಪ್ರಮಾಣ ಕೇಳದೆ ಒಳಕರೆಯಿತು.

ಮುಂದೆ ಈ ವೇದಿಕೆಗೆ ಭೌತವಿಜ್ಞಾನಿಗಳಾದ ನೀಲ್ಸ್ ಬೋರ್, ಹೈಸನ್‌ಬರ್ಗ್ ಬಂದರು, 1981ರಲ್ಲಿ ಇರಾನಿನ ಸೈಯದ್ ಹುಸೇನ್ ನಸ್ರ್, 1985ರಲ್ಲಿ ಖಗೋಳವಿಜ್ಞಾನಿ ಕಾರ್ಲ್ ಸೇಗನ್, 1989ರಲ್ಲಿ ಕೇರಳ ಮೂಲದ ತಂದೆಯ ಮಗ ರೈಮನ್ ಪಣಿಕ್ಕರ್. ಕೊರತೆಯೂ ಇತ್ತು. ಮೊದಲ ಮಹಿಳೆಯಾಗಿ ಹನ್ನಾ ಅರೆಂಟ್ ಅಬರ್ಡೀನಿನಲ್ಲಿ ಮಾತಾಡುವ ಹೊತ್ತಿಗೆ 1973 ಬಂದಿತ್ತು. ಪಂಥದ ಬಗ್ಗೆ ಇಷ್ಟು ಉದಾರವಾಗಿದ್ದ ವೇದಿಕೆ ಹೆಣ್ಣಿನ ವಿಷಯದಲ್ಲಿ 85 ವರ್ಷ ಬಾಗಿಲು ಹಾಕಿಕೊಂಡಿತ್ತು.

ಗಿಫರ್ಡ್ ಇನ್ನೊಂದು ಮಾತನ್ನೂ ಬರೆದಿದ್ದರು: ಧರ್ಮವನ್ನು ಖಗೋಳ, ರಸಾಯನಗಳಂತೆ ಒಂದು ವಿಜ್ಞಾನವಾಗಿ ನೋಡಬೇಕು. ಈ ಮಾತು ಮಾತ್ರ ಕಾಲದ ಪರೀಕ್ಷೆಯಲ್ಲಿ ನಿಂತಿಲ್ಲ. ಗಂಧಕದ ಬಗ್ಗೆ ವಿಜ್ಞಾನಿ ಏನು ಬರೆದರೂ ಗಂಧಕ ಎದ್ದು ನಿಂತು ಆಕ್ಷೇಪಿಸುವುದಿಲ್ಲ. ಧರ್ಮದ ಬಗ್ಗೆ ಬರೆದರೆ ಆ ಧರ್ಮದವರು ಸಭೆಯಲ್ಲೇ ಕೂತಿರುತ್ತಾರೆ. ಹಾಗಾದರೆ ಅವರ ಒಪ್ಪಿಗೆ ಬೇಕೆ? ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು ಕೆನಡಾದ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್. 1940ರ ದಶಕದಲ್ಲಿ ಲಾಹೋರಿನಲ್ಲಿ ಪಾಠ ಮಾಡಿ, ಮಾಂಟ್ರಿಯಲ್‌ನ ಮೆಕ್‌ಗಿಲ್‌ನಲ್ಲಿ ಇಸ್ಲಾಂ ಅಧ್ಯಯನ ಸಂಸ್ಥೆ ಕಟ್ಟಿ, 1964ರಿಂದ ಹಾರ್ವರ್ಡಿನ ವಿಶ್ವಧರ್ಮಗಳ ಅಧ್ಯಯನ ಕೇಂದ್ರವನ್ನು ನಡೆಸಿದವರು. ಮೆಕ್‌ಗಿಲ್‌ನಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಸರಿಸುಮಾರು ಅರ್ಧದಷ್ಟು ಮುಸ್ಲಿಮರಿರಬೇಕೆಂದು ಅವರು ಪಟ್ಟು ಹಿಡಿದಿದ್ದರು. 1959ರ ಒಂದು ಪ್ರಬಂಧದಲ್ಲಿ ಅವರು ಮುಂದಿಟ್ಟ ಸೂತ್ರ ಇಂದಿಗೂ ಚರ್ಚೆಯಲ್ಲಿದೆ: ಒಂದು ಧರ್ಮದ ಬಗ್ಗೆ ವಿದ್ವಾಂಸ ಆಡಿದ ಮಾತು, ಆ ಧರ್ಮದ ಅನುಯಾಯಿಗಳು ಹೌದೆಂದಾಗ ಮಾತ್ರ ಸರಿಯಾದೀತು.

ಕೇಳಲು ನ್ಯಾಯವಾಗಿಯೇ ಇದೆ. ಶತಮಾನಗಳ ಕಾಲ ನಮ್ಮ ಪೂಜೆ, ನಮ್ಮ ದೈವ, ನಮ್ಮ ಪುರಾಣಗಳ ಬಗ್ಗೆ ಹೊರಗಿನವರು ಕಂಡಂತೆ ಬರೆದರು. ನಮ್ಮನ್ನು ಯಾರೂ ಕೇಳಲಿಲ್ಲ. ಸ್ಮಿತ್ ಆ ಅಹಂಕಾರಕ್ಕೆ ತಡೆ ಹಾಕಿದರು. ಆದರೆ ಕರ್ನಾಟಕದಲ್ಲಿ ಕೂತು ಈ ಸೂತ್ರವನ್ನು ಓದಿದರೆ ಅದರ ಇನ್ನೊಂದು ಮುಖ ಕಾಣುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಎಂ.ಎಂ. ಕಲಬುರ್ಗಿ ಹೊರಗಿನವರಲ್ಲ. ಲಿಂಗಾಯತ ಪರಂಪರೆಯೊಳಗೇ ಹುಟ್ಟಿ ಬೆಳೆದವರು, ಸಮಗ್ರ ವಚನ ಸಂಪುಟಗಳನ್ನು ನಾಡಿನ ಕೈಗಿತ್ತ ಪ್ರಧಾನ ಸಂಪಾದಕರು. ಶಾಸನ, ವಚನ, ಕಾವ್ಯಗಳನ್ನು ಎದುರುಬದುರಿಟ್ಟು ಶರಣರ ಬದುಕಿನ ಕೆಲವು ಸಂಗತಿಗಳ ಬಗ್ಗೆ ‘ಮಾರ್ಗ’ ಎಂಬ ತಮ್ಮ ಕೃತಿಯ ಲೇಖನಗಳಲ್ಲಿ ಅವರು ತಮ್ಮ ತೀರ್ಮಾನ ಬರೆದರು. ಅನುಯಾಯಿಗಳಲ್ಲಿ ಅನೇಕರು ಒಪ್ಪಲಿಲ್ಲ. 1989ರಲ್ಲಿ ಒತ್ತಡಕ್ಕೆ ಮಣಿದು ಅವರು ಆ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರಿಗೆ ಗುಂಡಿಕ್ಕಲಾಯಿತು.

ಹಾಗಾಗಿ ಅನುಯಾಯಿಗಳ ಒಪ್ಪಿಗೆಯೇ ಕೊನೆಯ ಮೊಹರು ಎನ್ನಲಾಗದು. ಸ್ಮಿತ್ ಅವರ ಸೂತ್ರವನ್ನು ತುಸು ಬದಲಿಸಿದರೆ ಅದು ನಿಲ್ಲುತ್ತದೆ. ಭಕ್ತ ಏನು ನಂಬುತ್ತಾನೆ ಎಂದು ಹೇಳುವಾಗ ಭಕ್ತನ ಮಾತೇ ಪ್ರಮಾಣ. ಆ ನಂಬಿಕೆ ಯಾವ ಕಾಲದಲ್ಲಿ, ಯಾವ ಒತ್ತಡದಲ್ಲಿ, ಯಾರ ಕೈಯಲ್ಲಿ ರೂಪುಗೊಂಡಿತು ಎಂದು ಹೇಳುವಾಗ ಶಾಸನವೂ ಹಸ್ತಪ್ರತಿಯೂ ಪ್ರಮಾಣ. ಎರಡೂ ಒಂದೇ ಸಭೆಯಲ್ಲಿ ಕೂರಬೇಕು, ಒಂದು ಇನ್ನೊಂದರ ಬಾಯಿ ಮುಚ್ಚಿಸಬಾರದು.

ಎ.ಕೆ. ರಾಮಾನುಜನ್ ಅವರ ಉದಾಹರಣೆಯೂ ಇಲ್ಲೇ ಬರುತ್ತದೆ. ಮೈಸೂರಿನಲ್ಲಿ ಹುಟ್ಟಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಮೂರು ದಶಕ ಪಾಠ ಮಾಡಿದ ಅವರು 1987ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಒಂದು ಸಮ್ಮೇಳನದಲ್ಲಿ ಮುನ್ನೂರು ರಾಮಾಯಣಗಳ ಬಗ್ಗೆ ಮಾತಾಡಿದರು. ವಾಲ್ಮೀಕಿ, ಕಂಬ, ಜೈನ ರಾಮಾಯಣ, ಥಾಯ್ ರಾಮಾಯಣಗಳ ಜೊತೆಗೆ, ನಮ್ಮ ಜನಪದ ಗಾಯಕರು ಹಾಡುವ, ರಾವಣನೇ ಸೀತೆಯನ್ನು ಹೆರುವ ಕನ್ನಡ ಕಥೆಯನ್ನೂ ಅವರು ಅಲ್ಲಿ ಇಟ್ಟರು. ಅಮೆರಿಕದ ಸಭಾಂಗಣದಲ್ಲಿ ಅದು ವಿದ್ವತ್ತಿನ ಸಂತೋಷವಾಗಿತ್ತು. ಆ ಮಾತು ಪ್ರಬಂಧವಾಗಿ ದೆಹಲಿ ವಿಶ್ವವಿದ್ಯಾಲಯದ ಇತಿಹಾಸ ಪಠ್ಯದಲ್ಲಿ ಸೇರಿದ ಮೇಲೆ 2008ರಲ್ಲಿ ವಿಭಾಗದ ಮೇಲೆ ದಾಳಿಯಾಯಿತು. ಮುಂದೆ ನೇಮಿಸಿದ ನಾಲ್ವರು ತಜ್ಞರಲ್ಲಿ ಮೂವರು ಪ್ರಬಂಧವನ್ನು ಉಳಿಸಿಕೊಳ್ಳಬಹುದೆಂದಿದ್ದರೂ, 2011ರ ಅಕ್ಟೋಬರಿನಲ್ಲಿ ಅದನ್ನು ಪಠ್ಯದಿಂದ ತೆಗೆಯಲಾಯಿತು. ಆ ಕಥೆಯನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದವರೂ ರಾಮಭಕ್ತರೇ ಅಲ್ಲವೆ? ಅನುಯಾಯಿಗಳು ಎಂದಾಗ ನಾವು ಯಾರನ್ನು ಲೆಕ್ಕಕ್ಕೆ ಹಿಡಿಯುತ್ತೇವೆ, ಯಾರನ್ನು ಬಿಡುತ್ತೇವೆ ಎಂಬ ಪ್ರಶ್ನೆಗೆ ಆ ತೀರ್ಮಾನದಲ್ಲಿ ಉತ್ತರವಿರಲಿಲ್ಲ.

ಸರ್ಕಾರದ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯದಲ್ಲಿ ಧರ್ಮದ ಮಾತೇಕೆ ಎಂದು ಕೇಳುವವರಿದ್ದಾರೆ. ಸಂವಿಧಾನದ 28ನೇ ವಿಧಿ ತಡೆಯುವುದು ಧಾರ್ಮಿಕ ಬೋಧನೆಯನ್ನು, ಧರ್ಮದ ಅಧ್ಯಯನವನ್ನಲ್ಲ. 1971ರಲ್ಲಿ ಗುರುನಾನಕ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ಗುರುನಾನಕರ ಬದುಕು ಮತ್ತು ಬೋಧನೆಯ ಬಗ್ಗೆ ಸಂಶೋಧನೆ ನಡೆಸುವುದು ಧಾರ್ಮಿಕ ಬೋಧನೆಯಾಗುವುದಿಲ್ಲ. ಅಮೆರಿಕದಲ್ಲೂ 1963ರಲ್ಲಿ ಶಾಲೆಯ ಬೈಬಲ್ ಪಠಣವನ್ನು ರದ್ದು ಮಾಡಿದ ತೀರ್ಪೇ ಧರ್ಮದ ಬಗ್ಗೆ ವಸ್ತುನಿಷ್ಠವಾಗಿ ಕಲಿಸಲು ಅಡ್ಡಿಯಿಲ್ಲ ಎಂದಿತು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಧರ್ಮ ಅಧ್ಯಯನ ವಿಭಾಗಗಳು ಹೆಚ್ಚಿದ್ದು ಆ ನಂತರವೇ. ನಮ್ಮಲ್ಲಿ ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1949ರಲ್ಲೇ, ಪದವಿಯ ಮೊದಲ ವರ್ಷ ಧರ್ಮಗುರುಗಳ ಜೀವನ, ಎರಡನೇ ವರ್ಷ ಎಲ್ಲ ಧರ್ಮಗ್ರಂಥಗಳ ಆಯ್ದ ಭಾಗ, ಮೂರನೇ ವರ್ಷ ಧರ್ಮದ ತಾತ್ವಿಕ ಸಮಸ್ಯೆಗಳು ಎಂದು ಪಾಠಕ್ರಮವನ್ನೇ ಸೂಚಿಸಿತ್ತು. ಅದು ವರದಿಯಲ್ಲೇ ಉಳಿಯಿತು. ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯ 1967ರಲ್ಲಿ ಧರ್ಮ ಅಧ್ಯಯನ ವಿಭಾಗ ತೆರೆದು, ಅದಕ್ಕೆ ಐದು ಧರ್ಮಗಳನ್ನು ಸೂಚಿಸುವ ಐದು ರೆಕ್ಕೆಗಳ ಕಟ್ಟಡ ಕಟ್ಟಿದ್ದು ಇಂದಿಗೂ ವಿರಳ ಉದಾಹರಣೆ.

ಕರ್ನಾಟಕಕ್ಕೆ ಈ ಪರಂಪರೆ ಹೊಸದೇನಲ್ಲ. 1918ರಿಂದ 1921ರವರೆಗೆ ಮೈಸೂರಿನಲ್ಲಿ ಪಾಠ ಮಾಡಿದ ರಾಧಾಕೃಷ್ಣನ್, 1926ರಲ್ಲಿ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನ ವೇದಿಕೆ ಹತ್ತಿ ಹಿಂದೂ ಜೀವನದೃಷ್ಟಿಯ ಬಗ್ಗೆ ಉಪನ್ಯಾಸ ಕೊಟ್ಟರು; ನಾಲ್ಕು ವರ್ಷದ ನಂತರ ಅದೇ ಕಾಲೇಜಿನಲ್ಲಿ ಟಾಗೋರರು ಮಾನವಧರ್ಮದ ಬಗ್ಗೆ ಮಾತಾಡಿದರು. ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟಿಸಿದ ಭಾರತೀಯ ತತ್ವಶಾಸ್ತ್ರದ ಪರಿಚಯ ಗ್ರಂಥ, ಮೈಸೂರು ವಿಶ್ವವಿದ್ಯಾಲಯದಲ್ಲಿ ಅವರು ವರ್ಷಗಟ್ಟಲೆ ಕೊಟ್ಟ ಉಪನ್ಯಾಸಗಳಿಂದ ಬೆಳೆದದ್ದು. ಅದೇ ವಿಶ್ವವಿದ್ಯಾಲಯ ಪ್ರಚಾರೋಪನ್ಯಾಸ ಎಂಬ ಹೆಸರಿನಲ್ಲಿ ಅಧ್ಯಾಪಕರನ್ನು ಊರೂರಿಗೆ ಕಳಿಸಿ, ಅವರ ಮಾತನ್ನು ಕನ್ನಡದಲ್ಲಿ ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಹಂಚಿತು. 1974ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಕುವೆಂಪು ಮಾಡಿದ ಭಾಷಣ ‘ವಿಚಾರಕ್ರಾಂತಿಗೆ ಆಹ್ವಾನ’. ಪುರೋಹಿತಶಾಹಿಯನ್ನೂ ಮೌಢ್ಯವನ್ನೂ ಅವರು ಅಲ್ಲಿ ಪ್ರಶ್ನಿಸಿದ್ದು ವಿಶ್ವವಿದ್ಯಾಲಯವೇ ಒದಗಿಸಿದ ವೇದಿಕೆಯಿಂದ.

ಇಂದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪೀಠಗಳಿಗೆ ಬರವಿಲ್ಲ. ಬಸವಣ್ಣ, ಕನಕದಾಸರ ಹೆಸರಿನ ಪೀಠಗಳಿವೆ, ಮೈಸೂರಿನಲ್ಲಿ ಜೈನಶಾಸ್ತ್ರ ವಿಭಾಗವಿದೆ, ಕ್ರೈಸ್ತಧರ್ಮ ಅಧ್ಯಯನ ವಿಭಾಗವೂ ಇದೆ. ಒಳ್ಳೆಯ ಗ್ರಂಥ ಸಂಪಾದನೆ ಅವುಗಳಿಂದ ಆಗಿದೆ. ಆದರೆ ಬಸವ ಪೀಠದ ಸಭೆಗೆ ಶರಣ ಪರಂಪರೆಯವರು, ಜೈನ ವಿಭಾಗದ ಸಭೆಗೆ ಜೈನರು ಎಂಬಂತಾಗಿದೆ. ಒಂದೇ ಆವರಣದಲ್ಲಿದ್ದರೂ ಒಂದು ಪೀಠದವರು ಇನ್ನೊಂದು ಪೀಠದ ವೇದಿಕೆಯಲ್ಲಿ ಮಾತಾಡುವುದು ಅಪರೂಪ. ಇನ್ನು ದತ್ತಿ ಉಪನ್ಯಾಸದ ಬೆಳಗು ಹೇಗೆ ಕಳೆಯುತ್ತದೆಂಬುದನ್ನು ಹೋದವರೆಲ್ಲ ಬಲ್ಲರು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ದತ್ತಿದಾನಿಗಳ ಪರಿಚಯ, ಅತಿಥಿಗಳ ನುಡಿ, ಆಮೇಲೆ ಉಪನ್ಯಾಸ, ಅಧ್ಯಕ್ಷರ ನುಡಿ. ಕೊನೆಯಲ್ಲಿ ಸಮಯದ ಅಭಾವದಿಂದ ಪ್ರಶ್ನೋತ್ತರವಿಲ್ಲ ಎಂಬ ಘೋಷಣೆ, ವಂದನಾರ್ಪಣೆ, ಊಟ. ಮುಂದಿನ ಸಾಲಿನಲ್ಲಿ ಚೀಟಿಯಲ್ಲಿ ಪ್ರಶ್ನೆ ಬರೆದುಕೊಂಡು ಕಾದಿದ್ದ ವಿದ್ಯಾರ್ಥಿನಿ ಅದನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಾಳೆ. ಇದು ಸಮಯದ ಅಭಾವವಲ್ಲ. ಪ್ರಶ್ನೆಯನ್ನು ಕಾರ್ಯಕ್ರಮದ ಭಾಗವೆಂದು ನಾವು ಎಣಿಸಿಯೇ ಇಲ್ಲ.

ಮಠದ ಅಂಗಳದಲ್ಲಿ, ದೇವಸ್ಥಾನದ ಪೌಳಿಯಲ್ಲಿ ಪ್ರವಚನಗಳು ನಡೆಯುತ್ತಲೇ ಇವೆ, ನಡೆಯಬೇಕು. ಗದಗಿನ ತೋಂಟದಾರ್ಯ ಮಠದ ವಾರದ ಶಿವಾನುಭವದಂಥ ಸಭೆಗಳು ಸಾಮಾನ್ಯ ಜನರ ಅರಿವನ್ನು ನಿಜಕ್ಕೂ ಬೆಳೆಸಿವೆ. ಆದರೆ ಅಲ್ಲಿ ಶಿಷ್ಯನ ಸಂದೇಹಕ್ಕೆ ಗುರುವಿನಿಂದ ಉತ್ತರ ಸಿಗುತ್ತದೆ. ಉತ್ತರವಿಲ್ಲದ ಸಂದೇಹವನ್ನು ಹಾಗೇ ಇಟ್ಟುಕೊಂಡು ಮನೆಗೆ ಹೋಗಲು ಬಿಡುವ ಜಾಗ ವಿಶ್ವವಿದ್ಯಾಲಯ ಒಂದೇ. ಆ ಜಾಗವನ್ನು ಅದು ಬಿಟ್ಟುಕೊಟ್ಟರೆ ಧರ್ಮದ ಬಗೆಗಿನ ಪ್ರಶ್ನೆಗಳು ಸುಮ್ಮನಾಗುವುದಿಲ್ಲ, ಬೀದಿಗೂ ಮೊಬೈಲ್ ಪರದೆಗೂ ಹೋಗುತ್ತವೆ.

ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಒಂದು ವಿಶ್ವವಿದ್ಯಾಲಯದ ಎಲ್ಲ ಪೀಠಗಳೂ ಸೇರಿ ವರ್ಷಕ್ಕೊಂದು ಉಪನ್ಯಾಸ ಮಾಲೆ ನಡೆಸಲಿ. ಬಸವ ಪೀಠ ಒಬ್ಬ ಜೈನ ವಿದ್ವಾಂಸರನ್ನು ಕರೆಯಲಿ, ಕ್ರೈಸ್ತಧರ್ಮ ವಿಭಾಗ ಒಬ್ಬ ನಿರೀಶ್ವರವಾದಿಯನ್ನು ಕರೆಯಲಿ. ಉಪನ್ಯಾಸ ಒಂದು ಗಂಟೆ, ಪ್ರಶ್ನೆಗಳಿಗೆ ಇನ್ನೊಂದು ಗಂಟೆ ಎಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚಾಗಲಿ. ಮಾತುಗಳೂ ಪ್ರಶ್ನೆಗಳೂ ಕನ್ನಡದಲ್ಲಿ ಅಗ್ಗದ ಪುಸ್ತಕವಾಗಿ ಬರಲಿ. ಉಪನ್ಯಾಸಕರಿಗೆ ಬೆದರಿಕೆ ಬಂದರೆ ಅವರ ಪರ ಮೊದಲು ನಿಲ್ಲಬೇಕಾದವರು ಕುಲಪತಿಗಳು ಎಂಬುದು ಬರಹದಲ್ಲಿರಲಿ. ಓದುಗರಿಗೂ ಒಂದು ಮನವಿ: ನಿಮ್ಮೂರಿನ ಕಾಲೇಜಿನಿಂದ ದತ್ತಿ ಉಪನ್ಯಾಸದ ಆಮಂತ್ರಣ ಬಂದರೆ, ಅದು ನಿಮ್ಮ ಧರ್ಮದ್ದಲ್ಲದಿದ್ದರೆ ಅದಕ್ಕೇ ಹೋಗಿ. ಕೊನೆಯವರೆಗೂ ಕೂತಿರಿ, ಮತ್ತು ವಂದನಾರ್ಪಣೆಗೆ ಮೊದಲು ಕೈಯೆತ್ತಿ.